ದೇವರು ಬಂದ ಭಾನುವಾರ

ಪಾಲಾಕ್ಷಪ್ಪ ಆ ಕತೆಯನ್ನು ಹೇಳಿದಷ್ಟು ಸಲ ಹಿರೇಹಡಗಲಿಯಲ್ಲಿ ಇನ್ಯಾರೂ ಇನ್ಯಾವ ಕತೆಯನ್ನೂ ಹೇಳಿರಲಿಕ್ಕಿಲ್ಲ. ಚಾದಂಗಡಿಯಲ್ಲಿ ಹೇಳಿದ್ದ, ಕುರಿ ಸಂತೆಯಲ್ಲಿ ಹೇಳಿದ್ದ, ಹಡಗಲಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದವರಿಗೂ ಹೇಳಿದ್ದ. ಕೇಳುವವರು ಎದ್ದು ಹೋಗಲಾರದ ಜಾಗ ಸಿಕ್ಕರಂತೂ ಅವನಿಗೆ ಇನ್ನೂ ಅನುಕೂಲ. ಮೇಲೆಲ್ಲೋ ವಿಮಾನ ಹೋದ ಸದ್ದು ಕೇಳಿದರೆ ಸಾಕು, ರುಮಾಲು ಸರಿಮಾಡಿಕೊಂಡು, “ನಮ್ಮ ಮೈಲಾರಿ ಇಂಥಾದ್ದನ್ನ ಓಡಸ್ತಾನ. ಅದು ಯಾರ ದಯಾ ಗೊತ್ತೇನು ನಿಮಗ?” ಎಂದು ಶುರುಮಾಡುತ್ತಿದ್ದ. ಗೊತ್ತಿದ್ದವರು ಗೊತ್ತು ಎನ್ನುತ್ತಿದ್ದರು. ಅವನು ಹೇಳುವುದನ್ನು ಬಿಡುತ್ತಿರಲಿಲ್ಲ.

ಕತೆ ಇಷ್ಟೇ. ಮಗ ಮೈಲಾರೇಶನಿಗೆ ಆಗ ಹನ್ನೊಂದು ವರ್ಷ. ಮಂದೆ ದೊಡ್ಡದಾಗಿತ್ತು. ಸುಗ್ಗಿ ಮುಗಿದ ಮೇಲೆ ಹೊಳೆಯಾಚೆಯ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಲು ಹೋಗಬೇಕಿತ್ತು, ಆಳು ಸಾಲುತ್ತಿರಲಿಲ್ಲ. ಹುಡುಗನನ್ನು ಶಾಲೆ ಬಿಡಿಸಿ ಕುರಿಯ ಹಿಂದೆ ಕಳಿಸುವುದೆಂದು ಪಾಲಾಕ್ಷಪ್ಪ ನಿಶ್ಚಯಿಸಿದ್ದ. ಹೊರಡುವ ಮುಂಚಿನ ಭಾನುವಾರ ಮನೆಯಲ್ಲಿ ಮೈಲಾರಲಿಂಗನ ಹೆಸರಿನಲ್ಲಿ ದೋಣಿ ತುಂಬಿಸಿದರು. ಗೊರವಯ್ಯಗಳು ಕರಿಕಂಬಳಿ ತೊಟ್ಟು ಬಂದು ಡಮರುಗ ಬಡಿದರು. ಮರದ ದೋಣಿಯಲ್ಲಿ ಹಾಲು, ಬೆಲ್ಲ, ಬಾಳೆಹಣ್ಣು ಕಲಸಿಟ್ಟರು. ‘ಏಳುಕೋಟಿಗೋ’ ಎಂದು ಎಲ್ಲರೂ ಕೂಗುವ ಹೊತ್ತಿಗೆ ಮೂಲೆಯಲ್ಲಿ ನಿಂತಿದ್ದ ಹುಡುಗ ಗಡಗಡ ನಡುಗಿದ, ಕಣ್ಣು ಮೇಲೆ ಮಾಡಿದ, ದೋಣಿಯ ಮುಂದೆ ದೊಪ್ಪನೆ ಬಿದ್ದ. ಬಿದ್ದಲ್ಲಿಂದಲೇ ತನ್ನದಲ್ಲದ ದನಿಯಲ್ಲಿ, “ಈ ಕೂಸಿನ್ನ ಕುರಿ ಹಿಂದ ಕಳಿಸಬ್ಯಾಡ. ಸಾಲಿಗಿ ಕಳಿಸು. ಇದು ನನ್ನ ಕೂಸು” ಎಂದ. ಪಾಲಾಕ್ಷಪ್ಪ ಇದ್ದಲ್ಲೇ ಅಡ್ಡಬಿದ್ದು ಕೆನ್ನೆಕೆನ್ನೆ ಬಡಿದುಕೊಂಡು, ಆಗಲಪ್ಪ ಎಂದು ಮಾತು ಕೊಟ್ಟ.

ದೇವರು ಇನ್ನೂ ಒಂದು ಮಾತು ಹೇಳಿದ್ದ. “ಈ ಕೂಸಿಗಿ ಬಡೀಬ್ಯಾಡ.” ಇದೊಂದನ್ನು ಪಾಲಾಕ್ಷಪ್ಪ ಕತೆಯಲ್ಲಿ ಸೇರಿಸುತ್ತಿರಲಿಲ್ಲ. ಚಾದಂಗಡಿಯಲ್ಲಿ ಹೇಳಿಕೊಳ್ಳುವಂಥ ಮಾತಲ್ಲವಲ್ಲ ಅದು. ಆದರೆ ನಡೆಸಿಕೊಟ್ಟಿದ್ದ. ಅವತ್ತಿನಿಂದ ಇವತ್ತಿನವರೆಗೆ ಮಗನ ಮೇಲೆ ಕೈ ಎತ್ತಿದವನಲ್ಲ.

ಉಳಿದದ್ದಕ್ಕೆಲ್ಲ ಅವನು ವರ್ಷವರ್ಷವೂ ಉಪ್ಪುಖಾರ ಹಚ್ಚುತ್ತ ಬಂದ. ಮೊದಮೊದಲು ಹುಡುಗ ನಡುಗಿ ಬಿದ್ದನೆಂದಷ್ಟೇ ಇತ್ತು. ಅವನು ಹರಪನಹಳ್ಳಿಯ ಹಾಸ್ಟೆಲ್ ಸೇರಿ ಪರೀಕ್ಷೆಯಲ್ಲಿ ಹೆಸರು ಮಾಡಿದ ವರ್ಷ ಕತೆಯಲ್ಲಿ ಬಾಯಿಂದ ನೊರೆ ಬಂತು. ಪೈಲಟ್ ತರಬೇತಿಗೆ ಸರ್ಕಾರದ ನೆರವು ಸಿಕ್ಕು, ಉಳಿದದ್ದಕ್ಕೆ ಮಂದೆಯನ್ನು ಮಾರಿದ ವರ್ಷ ಹಲ್ಲು ಕಚ್ಚಿಕೊಂಡವು. ಮೊದಲ ಸಲ ಮಗ ಸಮವಸ್ತ್ರ ತೊಟ್ಟ ಫೋಟೊ ಬಂದಾಗಿನಿಂದ ಕತೆಯ ಹುಡುಗ ಮಾರನೆಯ ದಿನ ಹೊತ್ತು ಮೂಡುವ ತನಕ ಎಚ್ಚರವೇ ಇಲ್ಲದೆ ಮಲಗಿದ್ದ. ಸುಳ್ಳು ಹೇಳುತ್ತಿದ್ದೇನೆಂದು ಪಾಲಾಕ್ಷಪ್ಪನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಮಗ ಅಷ್ಟು ಮೇಲಕ್ಕೆ ಹೋದ ಮೇಲೆ ಅವನ ಮೈಮೇಲೆ ಬಂದ ದೇವರು ಸಣ್ಣಗೆ ಬಂದಿರಲು ಸಾಧ್ಯವೇ?

ಹೆಂಡತಿ ಭರಮಮ್ಮ ಮಾತ್ರ ಕತೆ ಶುರುವಾದರೆ ಸೆರಗು ಸರಿಮಾಡಿಕೊಂಡು ಒಳಕ್ಕೆ ಹೋಗಿಬಿಡುತ್ತಿದ್ದಳು. ಕೇಳಿ ಕೇಳಿ ಬೇಸತ್ತಿದ್ದಾಳೆ ಎಂದು ಅವನು ತಿಳಿದಿದ್ದ.

ಮೈಲಾರೇಶ ಇಲ್ಲಿಯ ವಿಮಾನ ಕಂಪನಿಯೊಂದರಲ್ಲಿ ಎಡಗಡೆಯ ಕ್ಯಾಪ್ಟನ್ನಿನ ಪಕ್ಕ ಬಲಗಡೆ ಕೂತು ನಾಲ್ಕು ವರ್ಷ ಹಾರಿಸಿದ. ಈ ವರ್ಷ ಕೊಲ್ಲಿ ದೇಶದ ದೊಡ್ಡ ಕಂಪನಿಯೊಂದು ಅವನನ್ನು ಆರಿಸಿಕೊಂಡಿತು. ಖಂಡ ದಾಟುವ ದೊಡ್ಡ ವಿಮಾನ, ಮುಂದೆ ಎಡಗಡೆಯ ಕುರ್ಚಿ. ಸಂದರ್ಶನ ಮುಗಿದಿತ್ತು, ನೆಲದ ಮೇಲಿನ ಅಣಕು ವಿಮಾನದ ಯಂತ್ರದಲ್ಲಿ ಹಾರಿಸಿ ತೋರಿಸುವುದೂ ಮುಗಿದಿತ್ತು. ಉಳಿದದ್ದು ಮೆಡಿಕಲ್ ಒಂದೇ. ಅದನ್ನು ಕಂಪನಿ ಗೊತ್ತುಮಾಡಿದ ಡಾಕ್ಟರರ ಬಳಿ ಬೆಂಗಳೂರಿನಲ್ಲೇ ಮಾಡಿಸಬೇಕಿತ್ತು.

ಅದೇ ವಾರ ಕಣ್ಣಿನ ಪೊರೆ ತೋರಿಸಲು ಪಾಲಾಕ್ಷಪ್ಪ ಬೆಂಗಳೂರಿಗೆ ಹೋಗಿದ್ದ. ಅಪ್ಪನನ್ನು ಒಂಟಿಯಾಗಿ ಮನೆಯಲ್ಲಿ ಬಿಡುವುದೇಕೆಂದು ಮಗ ಜೊತೆಗೇ ಕರೆದುಕೊಂಡು ಹೊರಟ. ದಾರಿಯಲ್ಲಿ ಕಾರಿನೊಳಗೆ ಪಾಲಾಕ್ಷಪ್ಪ ಕೇಳಿದ, “ಏನೇನು ನೋಡ್ತಾರಪ?”

“ಎಲ್ಲಾ ನೋಡ್ತಾರ. ಕಣ್ಣು, ಬಣ್ಣ ಗುರುತು ಹಿಡಿಯೋದು, ಕಿವಿ, ಎದಿ ಬಡಿತ, ರಕ್ತ. ಸಣ್ಣಾವ ಇದ್ದಾಗ ಏನಾಗಿತ್ತು, ಮನ್ಯಾಗ ಯಾರಿಗೇನೈತಿ ಅದನ್ನೂ ಕೇಳ್ತಾರ. ಇಲ್ಲಿ ಪಾಸಾದ್ರೂ ಅಲ್ಲಿ ಮತ್ತೊಮ್ಮೆ ನೋಡ್ತಾರ.”

“ಅಂದ್ರ ಕುರಿ ಸಂತಿ ಇದ್ದಂಗಾತು ಬಿಡು. ಹಲ್ಲು ನೋಡು, ಕಾಲು ನೋಡು, ಬೆನ್ನು ಒತ್ತು.”

ಮೈಲಾರೇಶ ನಕ್ಕ. ಅಪ್ಪ ಹೇಳಿದ್ದು ತಪ್ಪೇನಲ್ಲ ಎಂದುಕೊಂಡ. ಆದರೆ ಸಂತೆಯಲ್ಲಿ ಕುರಿ ಮಾರಲು ನಿಂತವನು ಏನು ಮಾಡುತ್ತಾನೆ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ. ಕೊಳ್ಳುವವನು ಕೇಳುವುದಕ್ಕೆ ಮೊದಲೇ ಹೊಗಳುತ್ತಾನೆ. ಇಂಥ ತಳಿ ಈ ಸೀಮೆಯಲ್ಲೇ ಇಲ್ಲ ಎನ್ನುತ್ತಾನೆ. ಪಾಲಾಕ್ಷಪ್ಪ ಹುಟ್ಟಾ ಕುರಿ ಮಾರಿದವನು.

ಆಸ್ಪತ್ರೆ ಮದುವೆ ಛತ್ರದಷ್ಟು ಚೊಕ್ಕವಾಗಿತ್ತು. ಮಗನನ್ನು ಒಳಗೆ ಕರೆದರು. ಅಪ್ಪ ಹೊರಗೆ ಕೂತು, ಅಂಗಿಯ ಕಿಸೆಯಲ್ಲಿದ್ದ ಮೈಲಾರಲಿಂಗನ ಅರಿಶಿನ ಭಂಡಾರದ ಪೊಟ್ಟಣವನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ಸ್ವಲ್ಪ ಹೊತ್ತಿಗೆ ನರ್ಸ್ ಬಂದು ಡಾಕ್ಟರು ನಿಮ್ಮನ್ನೂ ಕರೀತಾರೆ ಎಂದಳು.

ಡಾಕ್ಟರು ಹೆಂಗಸು. ಹೆಸರು ಶಾಂತಕುಮಾರಿ. “ಬರ್ರಿ ಯಜಮಾನ್ರ, ಕುಂದ್ರಿ. ನಿಮ್ಮ ಮಗ ಕಿವಿ ಪರೀಕ್ಷೆಯೊಳಗ ಅದಾನ. ಮನಿಯೋರ ಬಗ್ಗೆ ಒಂದೆರಡು ಮಾತು ನಿಮ್ಮನ್ನೇ ಕೇಳೋಣ ಅಂತ ಕರದೆ” ಎಂದರು.

ತನ್ನ ಸೀಮೆಯ ಮಾತಿನ ಧಾಟಿ ಕಿವಿಗೆ ಬಿದ್ದದ್ದೇ ಪಾಲಾಕ್ಷಪ್ಪನ ಮುಖ ಅರಳಿತು. “ತಾಯಿ, ನಿಮ್ಮದು ಯಾವೂರ್ರಿ?”

“ಕೂಡ್ಲಿಗಿ.”

ಅಷ್ಟು ಸಾಕಾಯಿತು. ಅಲ್ಲಿಯ ತನಕ ಕುರ್ಚಿಯ ಅಂಚಿನಲ್ಲಿದ್ದವನು ಹಿಂದಕ್ಕೆ ಸರಿದು ಆರಾಮಾಗಿ ಕೂತ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ನಮ್ಮ ಕಡೆಯ ಹೆಣ್ಣುಮಗಳು. ಇನ್ನೇನು ಬೇಕು? ಸಕ್ಕರೆ ಕಾಯಿಲೆ ಯಾರಿಗೂ ಇಲ್ಲ ಎಂದ. ಹೃದಯದ ತೊಂದರೆ ನಮ್ಮ ವಂಶದಲ್ಲೇ ಇಲ್ಲ ಎಂದ. ನಮ್ಮಪ್ಪ ಸಾಯುವ ಹಿಂದಿನ ದಿನವೂ ಹೊಲಕ್ಕೆ ಹೋಗಿ ಬಂದಿದ್ದ ಎಂದ. ಶಾಂತಕುಮಾರಿ ನಗುತ್ತಲೇ ಬರೆದುಕೊಂಡರು.

“ಸಣ್ಣಾವ ಇದ್ದಾಗ ಮೈಲಾರೇಶಗ ದೊಡ್ಡ ಕಾಯಿಲೆ ಏನಾದ್ರೂ ಆಗಿತ್ತೇನ್ರಿ?”

“ಕಾಯಿಲಿ ಎಲ್ಲೀದು ತಾಯಿ? ಇವನ ಮೈಮ್ಯಾಲ ದೇವರೇ ಬಂದಿದ್ದ.”

ಗೋಡೆಯ ಆಚೆ ಗಾಜಿನ ಕಿಟಕಿಯ ಸಣ್ಣ ಕೋಣೆಯಿತ್ತು. ಸದ್ದು ಒಳಗೂ ಹೋಗದ, ಹೊರಗೂ ಬರದ ಕೋಣೆ. ಅದರೊಳಗೆ ಮೈಲಾರೇಶ ಕಿವಿಗೆ ಯಂತ್ರ ಹಾಕಿಕೊಂಡು, ಸಣ್ಣ ಸದ್ದು ಕೇಳಿದಾಗಲೆಲ್ಲ ಕೈಯಲ್ಲಿದ್ದ ಗುಂಡಿ ಒತ್ತುತ್ತ ಕೂತಿದ್ದ. ಪಾಲಾಕ್ಷಪ್ಪ ಮಗನತ್ತ ಒಮ್ಮೆ ಹೆಮ್ಮೆಯಿಂದ ನೋಡಿ ಕತೆ ಶುರುಮಾಡಿದ. ಹೇಳಿದರೆ ಸಾಲದೆಂದು ಎದ್ದು ನಿಂತು ನಡುಗಿ ತೋರಿಸಿದ. ಕಣ್ಣು ಮೇಲೆ ಮಾಡಿದ, ಹಲ್ಲು ಕಚ್ಚಿದ, ಬಾಯಿಂದ ನೊರೆ ಇಳಿದದ್ದನ್ನು ಬೆರಳಿನಿಂದ ಗಲ್ಲದ ತನಕ ಎಳೆದು ತೋರಿಸಿದ. ಗಾಜಿನಾಚೆ ಮಗ ಬೇಡ ಬೇಡವೆಂಬಂತೆ ತಲೆಯಾಡಿಸುತ್ತಿದ್ದ. ಕಿವಿಯಲ್ಲಿ ಏನೋ ಕೇಳಿಸುತ್ತಿರಬೇಕು ಎಂದುಕೊಂಡ ಅಪ್ಪ.

ಡಾಕ್ಟರರ ಪೆನ್ನು ನಿಂತಿತು. “ಎಷ್ಟೊತ್ತು ಎಚ್ಚರ ಇದ್ದಿದ್ದಿಲ್ಲ?”

“ಮಾರನೇ ದಿನ ಹೊತ್ತು ಮೂಡೋತನಕ.”

“ನಾಲಿಗಿ ಕಚ್ಚಿಕೊಂಡಿದ್ದನೇನು?”

ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಪಾಲಾಕ್ಷಪ್ಪ ರುಮಾಲು ಸರಿಮಾಡಿಕೊಂಡ. ಇಲ್ಲವೆಂದರೆ ದೇವರಿಗೆ ಕಡಿಮೆಯಾದಂತೆ ಅನ್ನಿಸಿತು. “ಕಚ್ಚಿಕೊಂಡಿರಬಕು ತಾಯಿ. ಮೈಲಾರಲಿಂಗನ ಆರ್ಭಟ ಸಣ್ಣದೇನು?”

ಶಾಂತಕುಮಾರಿ ಅವನು ಹೇಳಿದ್ದನ್ನು ಬರೆದುಕೊಂಡರು. “ಯಜಮಾನ್ರ, ಇಂಥಾದ್ದು ನಮ್ಮೂರಾಗೂ ನೋಡೀನಿ. ನಂಗ ಗೊತ್ತಾಗ್ತದ. ಆದ್ರ ಇದನ್ನ ಓದೋರು ಕೂಡ್ಲಿಗಿಯೋರಲ್ಲ” ಎಂದರು. ಅದನ್ನು ಅವರು ತೀರ ಬೇಸರದಿಂದ ಹೇಳಿದರು. ಪಾಲಾಕ್ಷಪ್ಪನಿಗೆ ಅದೂ ಹೊಗಳಿಕೆಯಂತೆಯೇ ಕೇಳಿಸಿತು.

ಆಮೇಲೆ ಅವರು ಮೈಲಾರೇಶನನ್ನು ಕೂರಿಸಿಕೊಂಡು ಮಾತಾಡಿದ್ದು ಇಂಗ್ಲಿಷಿನಲ್ಲಿ. ಅಪ್ಪನಿಗೆ ಅರ್ಥವಾಗಿದ್ದು ಹೊರಗೆ ಬಂದ ಮೇಲೆ, ಮಗ ಬಿಡಿಸಿ ಹೇಳಿದಾಗ. ನಡುಗಿ, ನೊರೆ ಬಂದು, ನಾಲಿಗೆ ಕಚ್ಚಿ, ರಾತ್ರಿಯೆಲ್ಲ ಎಚ್ಚರ ತಪ್ಪಿದರೆ ಡಾಕ್ಟರರ ಲೆಕ್ಕದಲ್ಲಿ ಅದಕ್ಕೆ ಮೂರ್ಛೆರೋಗವೆಂದು ಹೆಸರು. ಒಂದೇ ಸಲ ಬಂದಿದ್ದರೂ ಸರಿ, ಎಷ್ಟೇ ವರ್ಷ ಹಿಂದಾಗಿದ್ದರೂ ಸರಿ, ನೂರಾರು ಜನರನ್ನು ಹೊತ್ತ ವಿಮಾನ ಓಡಿಸುವವನಿಗೆ ಅದು ಇರಕೂಡದು. ಎಚ್ಚರ ತಪ್ಪಿದ್ದುಂಟೇ ಎಂಬ ಪ್ರಶ್ನೆಗೆ ಮಗ ಇಲ್ಲವೆಂದಿದ್ದ. ಅಪ್ಪ ಹೌದೆಂದು ಕುಣಿದು ತೋರಿಸಿದ್ದ.

ಮೈಲಾರೇಶ ಬೈಯಲಿಲ್ಲ. ಕಾರು ಹತ್ತುವಾಗ, “ನೊರಿ ಯಾವಾಗ ಬಂದಿತ್ತು ಯಪ್ಪಾ?” ಎಂದಷ್ಟೇ ಕೇಳಿದ. ಪಾಲಾಕ್ಷಪ್ಪ ಹೊರಗೆ ನೋಡುತ್ತ ಕೂತ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಗನ ತಲೆಯನ್ನು ಯಂತ್ರದೊಳಗೆ ತೂರಿಸಿ ನೋಡಿದರು. ರಾತ್ರಿ ನಿದ್ದೆಗೆಡಿಸಿ ಮಾರನೆಯ ದಿನ ತಲೆಗೆ ತಂತಿಗಳನ್ನು ಅಂಟಿಸಿ ನೋಡಿದರು. ಯಾವುದರಲ್ಲೂ ಏನೂ ಸಿಗಲಿಲ್ಲ. ಪಾಲಾಕ್ಷಪ್ಪ ಆ ಹೊತ್ತಿಗೆ ಊರಿಗೆ ಬಂದಿದ್ದ. ಮಗ ಬರುತ್ತೇನೆಂದು ಫೋನು ಮಾಡಿದಾಗ ಎಲ್ಲ ಸರಿಹೋಯಿತೆಂದೇ ತಿಳಿದು, ಅಳಿದುಳಿದ ಹತ್ತಾರು ಕುರಿಗಳಲ್ಲೊಂದನ್ನು ಕೊಯ್ಯಿಸಲು ಹೊರಟಿದ್ದ.

ಮೈಲಾರೇಶ ಬೆಳಿಗ್ಗೆ ಬಂದವನು ಒಳಗೂ ಹೋಗದೆ ಹಟ್ಟಿಯ ಕಲ್ಲಿನ ಮೇಲೆ ಅಪ್ಪನ ಪಕ್ಕ ಕೂತ.

“ಯಪ್ಪಾ, ಪರೀಕ್ಷಾ ಎಲ್ಲಾ ಚಲೋ ಬಂದಾವು. ಆದ್ರ ಕಂಡೋರು ಹೇಳಿದ ಮಾತನ್ನ ಡಾಕ್ಟರು ಅಳಸಂಗಿಲ್ಲ. ನೀನೇ ಬಂದು, ಅವತ್ತು ಇವಗ ಎಚ್ಚರಿತ್ತು, ನಾನು ಹೆಚ್ಚು ಹಚ್ಚಿ ಹೇಳಿದ್ದೆ ಅಂದ್ರ, ಅದನ್ನೂ ಬರದು ಕಳಸ್ತೀನಿ ಅಂದಾರ. ಗುರುವಾರದೊಳಗ ಹೋಗಬಕು. ಒಪ್ಪೋದು ಬಿಡೋದು ಕಂಪನಿಯೋರಿಗಿ ಬಿಟ್ಟದ್ದು. ಆದ್ರ ನೀ ಹೇಳಲಿಲ್ಲಂದ್ರ ಅದೂ ಇಲ್ಲ.”

ಪಾಲಾಕ್ಷಪ್ಪ ನೆಲ ನೋಡಿದ. ನೊರೆ ತಾನೇ ತಂದದ್ದೆಂದು ಅವನಿಗೆ ಗೊತ್ತಿತ್ತು. ಹಲ್ಲು ಕಚ್ಚಿದ್ದೂ, ರಾತ್ರಿಯೆಲ್ಲ ಎಚ್ಚರ ತಪ್ಪಿದ್ದೂ ತನ್ನದೇ. ಅವನ್ನು ವಾಪಸ್ ತೆಗೆದುಕೊಳ್ಳಬಹುದಿತ್ತು, ನಾಚಿಕೆಯಾದರೆ ಆಗಲಿ. ಆದರೆ ಹುಡುಗನಿಗೆ ಎಚ್ಚರವಿತ್ತು ಎನ್ನುವುದು ಹೇಗೆ? ಎಚ್ಚರವಿದ್ದರೆ ಮಾತಾಡಿದ್ದು ಯಾರು? ಅದನ್ನು ಹೇಳಿದರೆ ದೇವರು ಬರಲೇ ಇಲ್ಲ ಎಂದಂತಾಗುತ್ತಿತ್ತು.

“ನನ್ನ ಕೈಲಾಗಲ್ಲಪ” ಎಂದ.

“ಒಂದು ಮಾತು ಯಪ್ಪಾ.”

“ಮಾತು ಒಂದಾ ಇರಬೌದು. ನಿನ್ನ ಕುರಿ ಹಿಂದಿಂದ ಎತ್ತಿ ಮ್ಯಾಲ ಕುಂದರಿಸಿದಾವ ಅವನು. ಕೊಟ್ಟಾವನ್ನ ಬಂದಾ ಇಲ್ಲ ಅನ್ಲೇನು? ನಾಳೆ ನೀನು ಆಕಾಶದಾಗ ಇರ್ತಿ. ಕೆಳಗ ಹಿಡಿಯಾಕ ಯಾರದಾರ? ಆ ಮುನಿಸು ನನ್ನ ಮ್ಯಾಲ ಬಂದ್ರ ಬರಲಿ, ನಿನ್ನ ವಿಮಾನದ ಮ್ಯಾಲ ಬಂದ್ರ ಏನು ಮಾಡ್ಲಿ?”

ಮೈಲಾರೇಶ ಬಾಯಿ ತೆರೆದ. ಬಾಗಿಲಲ್ಲಿ ಹಾಲಿನ ಚೊಂಬು ಹಿಡಿದು ಭರಮಮ್ಮ ನಿಂತಿದ್ದಳು. ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಏನೋ ಹೇಳಲು ಒಂದು ಹೆಜ್ಜೆ ಮುಂದೆ ಬಂದಳು. ಮಗ ಬೇಡವೆಂದು ತಲೆಯಾಡಿಸಿದ. ಗಾಜಿನಾಚೆ ಆಡಿಸಿದಂತೆಯೇ. ಈ ಸಲವೂ ಪಾಲಾಕ್ಷಪ್ಪನಿಗೆ ಅದು ತಿಳಿಯಲಿಲ್ಲ. ಮಗ ಊಟ ಮಾಡಿ, ಅಪ್ಪನ ಕಣ್ಣಿಗೆ ಹಾಕುವ ಔಷಧಿ ಕೊಟ್ಟು, ಬಂದ ಕಾರಿನಲ್ಲೇ ಹೋದ.

ಗುರುವಾರ ಬಂತು, ಹೋಯಿತು. ಆ ದಿನ ಪಾಲಾಕ್ಷಪ್ಪ ಎರಡು ಸಲ ಬಸ್‌ ನಿಲ್ದಾಣದ ತನಕ ನಡೆದು ವಾಪಸ್ ಬಂದ. ಯಾರೋ ಕೇಳಿದ್ದಕ್ಕೆ ಬೀಡಿ ತರಲು ಹೋಗಿದ್ದೆ ಎಂದ.

ಮುಂದಿನ ವಾರ ಫೋನು ಬಂತು. ಆ ಜಾಗಕ್ಕೆ ಪಟ್ಟಿಯಲ್ಲಿದ್ದ ಇನ್ನೊಬ್ಬನನ್ನು ಕರೆದಿದ್ದಾರಂತೆ. ಇಷ್ಟೇ ಅಲ್ಲ, ಒಮ್ಮೆ ಬಾಯಿಂದ ಬಿದ್ದ ಮೇಲೆ ಇಲ್ಲಿಯ ಲೈಸೆನ್ಸಿನ ಡಾಕ್ಟರರಿಗೂ ಮುಚ್ಚಿಡುವಂತಿಲ್ಲವಂತೆ. ಅವರು ನೋಡಿ ಹೂಂ ಅನ್ನುವ ತನಕ ಮೈಲಾರೇಶ ಹಾರಿಸುವಂತಿಲ್ಲ. ನೆಲದ ಮೇಲಿನ ಕೆಲಸ ಕೊಟ್ಟಿದ್ದಾರೆ. ಮಗ ಇದನ್ನೆಲ್ಲ ಬೇರೆ ಯಾರದೋ ಸುದ್ದಿ ಎಂಬಂತೆ ಹೇಳಿ ಮುಗಿಸಿದ.

ಪಾಲಾಕ್ಷಪ್ಪ ಫೋನು ಕೆಳಗಿಟ್ಟ. ತನ್ನ ಸಂಕಟವನ್ನು ಹೆಂಡತಿಗೆ ತೋರಿಸಬಾರದೆಂದು, “ದೇವರ ಇಚ್ಛಾ. ಕೊಟ್ಟಾವ ಅವನೇ, ತಡದಾವ ಅವನೇ” ಎಂದ.

ಭರಮಮ್ಮ ಜೋಳ ಹಸನು ಮಾಡುತ್ತಿದ್ದಳು. ಮೊರವನ್ನು ಪಕ್ಕಕ್ಕಿಟ್ಟಳು.

“ದೇವರನ್ನ ಯಾಕ ಎಳೀತೀರಿ ಇದರಾಗ? ಅವತ್ತು ದೇವರು ಬಂದಿದ್ದಿಲ್ಲ.”

“ಏನಂದಿ?”

“ಬಂದಿದ್ದಿಲ್ಲ. ನೀವು ಗೊರವಯ್ಯಗಳ ಜೋಡಿ ಅಂಗಳದಾಗ ಇದ್ರಿ. ನಾನು ಅವನ ಮಕದ ಭಂಡಾರ ಒರಸಾಕ ಹತ್ತಿದ್ದೆ. ಕಣ್ಣು ಮುಚ್ಚಿಕೊಂಡಾ ಕೇಳಿದ, ಯವ್ವಾ, ಅಪ್ಪ ಒಪ್ಪಿದನೇನು ಅಂತ. ಒಪ್ಪ್ಯಾನ, ಸುಮ್ನ ಮಲಕ್ಕ ಅಂದೆ.”

ಪಾಲಾಕ್ಷಪ್ಪ ಅವಳ ಎದುರಿಗೆ ಬಂದು ಕೂತ.

“ಮೊನ್ನಿ ಅದನ್ನ ಹೇಳಾಕಾ ಬಂದಿದ್ದ. ನಿಮ್ಮ ಮಾತು ಕೇಳಿ ಬ್ಯಾಡ ಅಂದ. ನಾನು ಹೇಳಬಕಾಗಿತ್ತು. ಇಷ್ಟು ವರ್ಷ ಬಾಯಿ ಹೊಲಕಂಡು ರೂಢಿ ಆಗಿಬಿಟ್ಟೈತಿ ನನಗ.” ಅವಳು ಅಳುತ್ತಿರಲಿಲ್ಲ. ಮೊರ ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು.

ಪಾಲಾಕ್ಷಪ್ಪ ಹಟ್ಟಿಗೆ ಹೋಗಿ, ಮಗ ಕೂತಿದ್ದ ಕಲ್ಲಿನ ಮೇಲೆ ಬಹಳ ಹೊತ್ತು ಕೂತ. ಮೊದಲು ಸಿಟ್ಟು ಬಂತು. ಊರಿಗೆಲ್ಲ ಹೇಳಿಕೊಂಡು ತಿರುಗಿದೆನಲ್ಲ ಎಂದು ಅವಮಾನವಾಯಿತು. ಆಮೇಲೆ, ಹನ್ನೊಂದು ವರ್ಷದ ಕೂಸು ಅಷ್ಟು ಜನರ ಮುಂದೆ ಬಿದ್ದು ಹೊರಳುವಾಗ ಒಳಗೊಳಗೆ ಎಷ್ಟು ಹೆದರಿತ್ತೋ ಎಂಬುದು ತಲೆಗೆ ಬಂದು ಸಿಟ್ಟು ಇಳಿದುಹೋಯಿತು. ತನ್ನ ವಿಮಾನಕ್ಕೆ ತಾನೇ ರೆಕ್ಕೆ ಕಟ್ಟಿಕೊಂಡಿದ್ದ ಹುಡುಗ. ಅದನ್ನು ಕತ್ತರಿಸಿದವನು ತಾನು. ಸಂಜೆಗೆ ಮುಂಚೆ ಫೋನು ಹಚ್ಚಿದ.

“ಮೈಲಾರಿ, ನಿಮ್ಮವ್ವ ಎಲ್ಲಾ ಹೇಳಿದ್ಲು.”

ಉತ್ತರಕ್ಕೆ ಕಾಯದೆ ಮತ್ತೆ ಅವನೇ ಕೇಳಿದ.

“ಮೊನ್ನಿ ಯಾಕ ಹೇಳ್ಲಿಲ್ಲಪ? ಹೇಳಿದ್ರ ಅವತ್ತಾ ಬಸ್ಸು ಹತ್ತುತಿದ್ದೆ. ಆ ತಾಯಿ ಕಾಲು ಹಿಡದು ಹೇಳತಿದ್ದೆ.”

“ಹೇಳಬಕು ಅಂತಾ ಬಂದಿದ್ದೆ ಯಪ್ಪಾ. ನೀ ನನ್ನ ವಿಮಾನ ಬೀಳ್ತದಂತ ಅಂಜಿ ಕುಂತಿದ್ದಿ. ಬಡೀಬ್ಯಾಡ ಅಂದ ಒಂದು ಮಾತನ್ನ ದೇವರ ಮಾತು ಅಂತ ಇಷ್ಟು ವರ್ಷ ನಡಿಸಿಗಂಡು ಬಂದಿ. ಅದು ಸುಳ್ಳು ಅಂತ ನಿನ್ನ ಮುಂದ ಹೆಂಗ ಹೇಳ್ಲಿ?”

ಪಾಲಾಕ್ಷಪ್ಪ ತಪ್ಪೆಲ್ಲ ತನ್ನದೇ ಎಂದು ಒಪ್ಪಿಕೊಂಡೇ ಫೋನು ಹಚ್ಚಿದ್ದ. ಆದರೂ ಅವನೊಳಗಿನ ಅಪ್ಪ ಒಂದು ಕಡೆ ನಿಲ್ಲಲು ಜಾಗ ಹುಡುಕುತ್ತಿದ್ದ.

“ನಾನೇನು ರಾಕ್ಷಸ ಇದ್ದೆನೇನಪ? ಅಷ್ಟೆಲ್ಲಾ ಆಟ ಯಾಕ ಕಟ್ಟಬಕಾಗಿತ್ತು? ಯಪ್ಪಾ, ನಾ ಓದ್ತೀನಿ ಅಂತ ನೀನಾಗಿ ಒಂದು ಮಾತು ಕೇಳಿದ್ರ ಆಗ್ತಿದ್ದಿಲ್ಲೇನು?”

“ಕೇಳಿದ್ದೆ ಯಪ್ಪಾ” ಎಂದ ಮೈಲಾರೇಶ. ದನಿಯಲ್ಲಿ ದೂರು ಇರಲಿಲ್ಲ. “ಅದಕ್ಕೂ ಮೊದ್ಲು, ಶುಕ್ರವಾರ ಕೇಳಿದ್ದೆ. ಹಟ್ಟಿಯಾಗ ಆ ಕಲ್ಲಿನ ಮ್ಯಾಲ ಕುಂತು ನೀ ಕುರಿ ಗೊರಸು ನೋಡಾಕ ಹತ್ತಿದ್ದಿ. ಕೇಳಿದ್ದಕ್ಕಾ ಕೋಲು ತಗಂಡಿ.”

ಪಾಲಾಕ್ಷಪ್ಪ ಫೋನು ಕಿವಿಗೆ ಒತ್ತಿಕೊಂಡು ಕೂತೇ ಇದ್ದ. ಆ ಭಾನುವಾರ ಅವನಿಗೆ ಕಣ್ಣಿಗೆ ಕಟ್ಟಿದಂತಿತ್ತು. ಯಾವ ಗೊರವಯ್ಯ ಎಲ್ಲಿ ನಿಂತಿದ್ದ, ದೋಣಿಯಲ್ಲಿ ಬಾಳೆಹಣ್ಣು ಎಷ್ಟು ಕಳಿತಿತ್ತು, ಮಗ ಬಿದ್ದಾಗ ಯಾರ ಕೈಯಿಂದ ಡಮರುಗ ಜಾರಿತು, ಎಲ್ಲವನ್ನೂ ಹೇಳಬಲ್ಲ. ಶುಕ್ರವಾರಕ್ಕಾಗಿ ಹುಡುಕಿದ. ಕುರಿ ನೆನಪಾಯಿತು, ಕಲ್ಲು ನೆನಪಾಯಿತು, ಕೋಲೂ ನೆನಪಾಯಿತು. ಮಗ ಎದುರಿಗೆ ನಿಂತು ಏನೋ ಕೇಳಿದ್ದು ಮಾತ್ರ ಅವನಿಗೆ ನೆನಪೇ ಇರಲಿಲ್ಲ.